ದೇವರ ಮುಂದಿಟ್ಟ ಬಾಡಿ

ಹೆಂಗಸರು ಒಂದು ತುಂಡು ಒಳ ಅರಿವೆಯ ಸಲುವಾಗಿ ಇಷ್ಟೊಂದು ಒದ್ದಾಡುತ್ತಾರೆಯೇ ಎಂದು ಕೇಳುವವರ ಪೈಕಿ ಒಂದು ಕಾಲಕ್ಕೆ ನಾನೂ ಒಬ್ಬಳಾಗಿದ್ದೆ. ಬೇಕಾದರೆ ಪೇಟೆಗೆ ಹೋಗಬೇಕು, ಕೊಳ್ಳಬೇಕು, ಹಾಕಿಕೊಳ್ಳಬೇಕು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ? ನಾನೇನು ಸಾಮಾನ್ಯಳೇ? ಮ್ಯಾಟ್ರಿಕ್ ಪಾಸು. ಧಾರವಾಡದ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಡ್ರಿಲ್ ಮತ್ತು ಗೆಜ್ಜೆ ಸರಪಳಿಯ ಕೋಲು ಹಿಡಿದು ಮಾಡುವ ಲೇಜಿಮ್ ಕಲಿಸುವ ವಿಮಲಾಬಾಯಿ. ನಾನು ಸೀಟಿ ಊದಿದರೆ ಮೈದಾನದ ತುಂಬ ನಿಂತ ಹುಡುಗಿಯರು ಒಮ್ಮೆಲೇ ಎಡಕ್ಕೆ ಹೊರಳುತ್ತಿದ್ದರು. ಅಷ್ಟು ಮಂದಿಯನ್ನು ಹೊರಳಿಸುವವಳಿಗೆ ಒಂದು ಅರಿವೆಯನ್ನು ಮೈಗೆ ಹೊಂದಿಸಿಕೊಳ್ಳುವುದು ಯಾವ ದೊಡ್ಡ ಮಾತು ಎಂದು ತಿಳಿದಿದ್ದೆ.

ಆಗ ಯುದ್ಧದ ಕಾಲ. ನಮ್ಮ ಕಡೆ ಹೆಂಗಸರಿಗೆ ಇದ್ದದ್ದು ಕುಪ್ಪಸ ಒಂದೇ. ಖಣದ ಬಟ್ಟೆಯಲ್ಲಿ ಹೊಲಿದದ್ದು, ಮುಂದಿನ ಎರಡು ತುದಿ ಹಿಡಿದು ಎದೆಯ ಕೆಳಗೆ ಗಂಟು ಹಾಕುವುದು. ರೊಟ್ಟಿ ಬಡಿಯಲಿಕ್ಕೆ, ನೀರು ಸೇದಲಿಕ್ಕೆ, ಬಾಗಿಲಲ್ಲಿ ನಿಂತು ಮಂದಿಯ ಸುದ್ದಿ ಮಾತಾಡಲಿಕ್ಕೆ ಅದಕ್ಕಿಂತ ಛಲೋ ಅರಿವೆ ಇಲ್ಲ. ಆದರೆ ಆ ಗಂಟನ್ನು ಮೊದಲು ಹಾಕಿದ ಪುಣ್ಯಾತ್ಗಿತ್ತಿ, ಮುಂದೊಂದು ದಿನ ಹೆಂಗಸೊಬ್ಬಳು ಎರಡೂ ಕೈ ಆಕಾಶಕ್ಕೆ ಎತ್ತಿ ಜಿಗಿದಾಳು ಎಂದು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ನಾನು ಜಿಗಿದೆ. ಒಂದು ಮುಂಜಾನೆ ಮೈದಾನದಲ್ಲಿ ಲೇಜಿಮ್ ಹಿಡಿದ ಕೈ ಮೇಲೆತ್ತಿ ತೋರಿಸುತ್ತಿದ್ದಾಗ ಗಂಟು ಬಿಚ್ಚಿತು. ಲೇಜಿಮ್ ಕೈಬಿಟ್ಟು, ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತೆ. ನಮ್ಮ ಹುಡುಗಿಯರು ಬಲು ಶಿಸ್ತಿನವರು. ಅವರೂ ಲೇಜಿಮ್ ಕೆಳಗೆ ಹಾಕಿ, ಕೈ ಎದೆಗೆ ಒತ್ತಿ, ಕಣ್ಣು ಮುಚ್ಚಿ ನಿಂತರು. ವರಾಂಡದಲ್ಲಿ ನಿಂತು ನೋಡುತ್ತಿದ್ದ ಹೆಡ್‌ಬಾಯಿಯವರು ಕೆಳಗಿಳಿದು ಬಂದರು.

"ಇದು ಯಾವ ಕಸರತ್ತು, ವಿಮಲಾಬಾಯಿ?"

"ಉಸಿರಿಂದರಿ," ಎಂದೆ.

"ಭಾಳ ಶಾಂತ ಅನಸ್ತದ. ಗ್ಯಾದರಿಂಗಿನ್ಯಾಗೂ ಇಡ್ರಿ ಇದನ್ನ."

ಸಾಲೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಆ ಗ್ಯಾದರಿಂಗಿನದೇ ನನಗೆ ಚಿಂತೆಯಾಗಿತ್ತು. ನನ್ನ ನೌಕರಿ ಹಂಗಾಮಿ. ಗ್ಯಾದರಿಂಗಿಗೆ ಬರುವ ಇನ್ಸ್‌ಪೆಕ್ಟರ್ ಬಾಯಿಯವರು ಲೇಜಿಮ್ ನೋಡಿ ತಲೆದೂಗಿದರೆ ಕಾಯಂ ಆಗುವುದೆಂದು ಹೆಡ್‌ಬಾಯಿಯವರು ಮಾತು ಕೊಟ್ಟಿದ್ದರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂಡುವವರು ಊರಿನ ವಕೀಲರು, ಡಾಕ್ಟರರು, ರುಮಾಲಿನ ಹಿರಿಯರು. ಅವರೆದುರು ಗಂಟು ಬಿಚ್ಚಿದರೆ ನೌಕರಿಯನ್ನಷ್ಟೇ ಅಲ್ಲ, ಧಾರವಾಡವನ್ನೇ ಬಿಡಬೇಕಾಗುತ್ತಿತ್ತು. ನನಗೆ ಆ ನೌಕರಿ ಬೇಕಾಗಿತ್ತು. ದಿನದಲ್ಲಿ ಮೈದಾನದ ಆ ಒಂದು ತಾಸು ಮಾತ್ರ ಯಾರೂ ನನಗೆ "ತಲಿ ಮ್ಯಾಲೆ ಸೆರಗ ಹೊತ್ಕೋ" ಎಂದು ಹೇಳುತ್ತಿರಲಿಲ್ಲ.

ಇದೇ ಹೊತ್ತಿಗೆ ಪುಣೆಯಲ್ಲಿದ್ದ ನಮ್ಮ ಕಾಕಾನ ಮಗಳು ಒಂದು ಮದುವೆಗೆ ಬಂದಿದ್ದಳು. ನನ್ನ ಗೋಳು ಕೇಳಿ ನಕ್ಕು, "ಈಗ ಎಲ್ಲಾರೂ ಕುಪ್ಪಸದ ಒಳಗ ಬಾಡಿ ಹಾಕ್ಕೋತಾರಕ್ಕಾ. ಕುಣದರೂ ಅಲುಗೂದಿಲ್ಲ, ಜಿಗದರೂ ಅಲುಗೂದಿಲ್ಲ," ಎಂದಳು. ಬಾಗಿಲು ಹಾಕಿ ತನ್ನದನ್ನು ತೋರಿಸಿದಳು. ಕೊಡು ಎಂದರೆ ಕೊಡಲಿಲ್ಲ, ಅವಳೂ ನನ್ನ ತಂಗಿಯೇ ಅಲ್ಲವೇ. "ಹುಬ್ಬಳ್ಳ್ಯಾಗ ಸಿಗ್ತಾವ" ಎಂದು ಹೇಳಿ ಗಾಡಿ ಹತ್ತಿದಳು.

ನಮ್ಮವರು ಕಲೆಕ್ಟರ್ ಕಚೇರಿಯಲ್ಲಿ ಕಾರಕೂನರು. ಸರಕಾರದ ಯಾವ ಪ್ರಶ್ನೆಗೂ ಉತ್ತರ ಕೊಡಬಲ್ಲವರು. ಅವರನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಧಾರವಾಡದಲ್ಲೇ ಕೊಂಡರೆ ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿರುತ್ತದೆ. ದುರ್ಗದಬೈಲಿನಲ್ಲಿ ಒಂದು ದೊಡ್ಡ ಅರಿವೆ ಅಂಗಡಿಯ ಮುಂದೆ ನಿಂತಾಗ ನಮ್ಮವರ ಕಾಲುಗಳು ಎಲೆ ಅಡಿಕೆ ಅಂಗಡಿಯ ಕಡೆ ತಿರುಗಿದವು.

"ನೀನ ಹೋಗಿ ಕೇಳಲ್ಲಾ," ಎಂದರು.

"ಗಂಡಸರ ಹತ್ತರ ನಾ ಹ್ಯಾಂಗ ಕೇಳಲಿ? ನೀವ ಹೋಗ್ರಿ."

ಅವರು ಟೊಪ್ಪಿಗೆ ಸರಿ ಮಾಡಿಕೊಂಡು, ಸಾಕ್ಷಿ ಹೇಳಲಿಕ್ಕೆ ಕೋರ್ಟಿಗೆ ಹೋಗುವವರ ಹಾಗೆ ಒಳಗೆ ಹೋದರು. ನಾನು ಹೊರಗೆ ಬಳೆಗಾರನ ಮುಂದೆ ಕುಳಿತು ಬಳೆ ನೋಡಿದಂತೆ ಮಾಡಿ ಕಿವಿ ಒಳಗಿಟ್ಟೆ. ಅವರು "ಒಳಗಿನ ಅರಿವಿ" ಎಂದರು. ಅಂಗಡಿಯವನು ಬನಿಯನ್ ತೋರಿಸಿದ. "ಹೆಣ್ಣಮಕ್ಕಳದು" ಎಂದರು. ಅಂಗಡಿಯವನು ಅತ್ತ ಇತ್ತ ನೋಡಿ, ಚೋರ ಬಜಾರದ ಸೀಮೆ ಎಣ್ಣೆ ಕೊಡುವವನ ಹಾಗೆ ದನಿ ತಗ್ಗಿಸಿದ.

"ಅಳತಿ ಏನ್ರಿ ಸಾಹೇಬರ?"

ನಮ್ಮವರಿಗೆ ಉತ್ತರ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳುವುದು ಅವರ ಕಚೇರಿಯ ಪದ್ಧತಿಯಲ್ಲ. ಅಂಗಡಿಯವನು ತುಪ್ಪದಲ್ಲಿ ಬೆಳೆದ ಆಸಾಮಿ, ಮೇಲೆ ಬರೀ ಬನಿಯನ್ ಹಾಕಿ ಗಾದಿಯ ಮೇಲೆ ಕುಳಿತಿದ್ದ. ನಮ್ಮವರು ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಅಂದಾಜ ನಿಮ್ಮಷ್ಟ ಅಂತ ತಿಳೀರಿ," ಎಂದರು. ಅಂಗಡಿಯವನು ತಲೆ ಬಗ್ಗಿಸಿ ತನ್ನ ಎದೆಯನ್ನೊಮ್ಮೆ ನೋಡಿಕೊಂಡು, ಒಳಗೆ ಹೋಗಿ ಒಂದು ಪುಡಿಕೆ ಕಟ್ಟಿ ತಂದ. ಕೊಂಡದ್ದನ್ನು ತಿರುಗಿ ತಗೊಳ್ಳುವುದಿಲ್ಲ ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಬರುವಾಗ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದ ನಮ್ಮ ಬಸ್ಸು ರಾಯಾಪುರದ ಹತ್ತಿರ ಉಸಿರು ಬಿಟ್ಟು ನಿಂತಿತು. ಗಂಡಸರೆಲ್ಲ ಇಳಿದು ನೂಕಿದರು. ಆ ಕುಲುಕಾಟಕ್ಕೆ ನನ್ನ ತೊಡೆಯ ಮೇಲಿನ ಪುಡಿಕೆಯ ಕಾಗದ ಹರಿದು ಬಾಡಿಯ ಒಂದು ಮೊನೆ ಹೊರಗೆ ಬಂತು. ಮುಂಬೈಯ ಮಾಲು, ಒತ್ತಿದರೆ ಒಳಗೆ ಹೋಗುವಂಥದ್ದಲ್ಲ. ನೂಕಿ ಬೆವೆತು ಬಂದ ನಮ್ಮವರು ಅದನ್ನು ನೋಡಿ ಗಾಬರಿಯಾಗಿ ತಮ್ಮ ಟೊಪ್ಪಿಗೆ ತೆಗೆದು ಅದರ ಮೇಲಿಟ್ಟರು. ಧಾರವಾಡದವರೆಗೆ ಅವರು ಬರಿದಲೆಯಲ್ಲಿ ಬಂದರು, ಬಾಡಿ ಟೊಪ್ಪಿಗೆ ಹಾಕಿಕೊಂಡು ಬಂತು.

ಮನೆಗೆ ಬಂದು ಕೋಣೆಯ ಚಿಲಕ ಹಾಕಿ ತೊಟ್ಟು ನೋಡಿದೆ. ಅದನ್ನು ಹೊಲಿದವರು ಯಾರನ್ನು ಕಣ್ಣೆದುರು ಇಟ್ಟುಕೊಂಡು ಹೊಲಿದಿದ್ದರೋ ದೇವರಿಗೇ ಗೊತ್ತು. ಎರಡೂ ಮೊನೆಗಳು ನನಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದವು. ನಡುವೆ ಉಳಿದ ಜಾಗದಲ್ಲಿ ಸಂತೆಯ ಚುರುಮುರಿ ತುಂಬಬಹುದಿತ್ತು. ಹೆಗಲ ಪಟ್ಟಿ ಮೊಳಕೈಗೆ ಜಾರುತ್ತಿತ್ತು, ಬೆನ್ನಿನ ಕೊಂಡಿ ಮಾತ್ರ ಹಳೆಯ ವೈರಿಯ ಹಾಗೆ ಚಿವುಟುತ್ತಿತ್ತು.

ಬಾಗಿಲ ಹೊರಗಿನಿಂದ ನಮ್ಮವರು, "ಹ್ಯಾಂಗದ? ಬರೋಬ್ಬರಿ ಆತಿಲ್ಲೋ?" ಎಂದರು.

"ನಿಮ್ಮ ಅಂಗಡ್ಯಾವಗ ಹೇಳಿ ಮಾಡಿಸಿದಂಗ ಅದ," ಎಂದೆ.

ಉಳಿದವನು ನಮ್ಮ ಓಣಿಯ ದರ್ಜಿ ಯಲ್ಲಪ್ಪ. ಅವನು ಹೆಂಗಸರ ಮೈಗೆ ಟೇಪು ಹಿಡಿಯುವವನಲ್ಲ, ಮುಖ ನೋಡಿ ಮಾತಾಡುವವನೂ ಅಲ್ಲ. ಹಳೆಯ ಕುಪ್ಪಸವೊಂದನ್ನು ಅಳತೆಗೆ ಕೊಟ್ಟರೆ ಅದರ ಮೇಲೆ ಖಣ ಹಾಸಿ ಕತ್ತರಿಸುತ್ತಿದ್ದ. ನಮ್ಮ ಮನೆಯ ಅಳತೆ ಎಂದರೆ ನಮ್ಮ ಅತ್ತೆಯ ಮದುವೆಯ ಕುಪ್ಪಸ. ಆ ಮನೆಗೆ ಸೊಸೆಯಾಗಿ ಬಂದವರೆಲ್ಲ, ದಪ್ಪನವರಿರಲಿ ತೆಳ್ಳನವರಿರಲಿ, ಅದೇ ಅಳತೆಯಲ್ಲಿ ಬಾಳುವೆ ಮಾಡಬೇಕು. ಹೆಚ್ಚು ಕಡಿಮೆಯನ್ನು ಗಂಟು ನೋಡಿಕೊಳ್ಳುತ್ತದೆ. ನಾನು ಹುಬ್ಬಳ್ಳಿಯ ಪುಡಿಕೆಯನ್ನು ಅವನ ಮುಂದೆ ಬಿಚ್ಚಿದೆ. ಅವನು ಒಮ್ಮೆ ನೋಡಿ ಮುಖ ಗೋಡೆಗೆ ತಿರುಗಿಸಿದ.

"ಇದನ್ನ ನಾ ಮುಟ್ಟಂಗಿಲ್ರಿ ಅಕ್ಕಾರ. ಅಂಗಡ್ಯಾಗ ದೇವರ ಫೋಟೋ ಐತಿ."

"ಇದನ್ನ ಮುಟ್ಟಬ್ಯಾಡ. ಇಂಥಾದ್ದ ಒಂದು ಸಣ್ಣದು ಹೊಲಿ."

"ಯಾವ ಅಳತೀಲೆ ಹೊಲೀಲ್ರಿ? ಇಂಥಾದ್ದು ಹಳೇದು ನಿಮ್ಮ ಮನ್ಯಾಗ ಐತೇನು?"

ಅವನ ಪ್ರಶ್ನೆ ನ್ಯಾಯವಾದದ್ದೇ. ಮನೆಗೆ ಬಂದು ಬಹಳ ವಿಚಾರ ಮಾಡಿದೆ. ಮ್ಯಾಟ್ರಿಕ್ ಪಾಸಾದ ತಲೆ ಸುಮ್ಮನೆ ಕೂಡುವುದೇ? ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅಡುಗೆಮನೆಯ ಬಟ್ಟಲುಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಕೋಣೆಗೆ ಒಯ್ದು, ಒಂದೊಂದನ್ನಾಗಿ ಮೈಗೆ ಹಿಡಿದು ನೋಡಿದೆ. ಸಾರಿನ ಬಟ್ಟಲು ದೊಡ್ಡದಾಯಿತು. ತುಪ್ಪದ ಬಟ್ಟಲು ಅವಮಾನ ಮಾಡಿತು. ಪಾಯಸದ ಬಟ್ಟಲು ಸರಿಹೋಯಿತು. ಎರಡು ಪಾಯಸದ ಬಟ್ಟಲು, ಎದೆಯ ಸುತ್ತಳತೆಯ ಒಂದು ನೂಲು, ಉಡಿಯಲ್ಲಿ ಬಂದ ಒಂದು ಹೊಸ ಖಣ, ಒಳಗಿನ ಅಸ್ತರಿಗೆ ನಮ್ಮವರ ಒಂದು ಹಳೆಯ ಮೆತ್ತನ್ನ ಧೋತರ, ಇಷ್ಟನ್ನು ಯಲ್ಲಪ್ಪನಿಗೆ ಒಯ್ದು ಕೊಟ್ಟೆ. "ಈ ಬಟ್ಟಲಕ್ಕ ಗವಸಣಿಗಿ ಹೊಲಿ. ಎರಡನ್ನೂ ಕೂಡಿಸು. ಹಿಂದ ಕಟ್ಟಲಿಕ್ಕೆ ಕಸಿ ಹಚ್ಚು," ಎಂದೆ.

ಯಲ್ಲಪ್ಪನ ಮುಖ ಅರಳಿತು. "ಬಟ್ಟಲಕ್ಕ ಅಂದ್ರ ಹೊಲೀತೇನಲ್ರಿ ಮತ್ತ. ಇದನ್ನ ಮೊದಲ ಹೇಳಬಾರದೇನ್ರಿ?" ಎಂದ. ಹೀಗೆ ಅವನ ಮರ್ಯಾದೆಯೂ ಉಳಿಯಿತು, ನನ್ನದೂ ಉಳಿಯಿತು, ಅವನ ಅಂಗಡಿಯ ದೇವರಿಗೂ ತೊಂದರೆಯಾಗಲಿಲ್ಲ.

ಕೆಲವು ದಿನಗಳ ಮೇಲೆ ನಾನು ಸಾಲೆಯಿಂದ ಬಂದಾಗ ಅತ್ತೆ ಒಂದು ಗಂಟನ್ನು ನನ್ನ ಮುಂದೆ ಇಟ್ಟರು. "ಯಲ್ಲಪ್ಪ ಕೊಟ್ಟು ಹೋದ. ಜೋಡಿ ಎರಡು ಬಟ್ಟಲಾನೂ ಕೈಯಾಗ ಕೊಟ್ಟ, ಅವು ಯಾಕ ಹೋಗಿದ್ದವೋ ಅವನ ಮನಿಗೆ, ನನಗೇನು ತಿಳೀಲಿಲ್ಲ. ನಾ ಬಿಚ್ಚಿ ನೋಡಿಲ್ಲ. ಹೊಸಾ ಅರಿವಿ ಇದ್ರ ಕುಂಕುಮ ಹಚ್ಚಿ ದೇವರ ಮುಂದ ಇಟ್ಟ ಹಾಕ್ಕೊ," ಎಂದರು. ನಮ್ಮ ಮನೆಯಲ್ಲಿ ಕರವಸ್ತ್ರ ಕೂಡ ದೇವರ ಅಪ್ಪಣೆಯಿಲ್ಲದೆ ಮೂಗಿಗೆ ತಾಗುತ್ತಿರಲಿಲ್ಲ.

ಅಪ್ಪಣೆಗೆ ಮೊದಲೇ ನಾನು ಕೋಣೆಯಲ್ಲಿ ತೊಟ್ಟು ನೋಡಿದೆ. ಕೈ ಎತ್ತಿದೆ, ಬಗ್ಗಿದೆ, ಜಿಗಿದೆ. ಏನೂ ಅಲುಗಲಿಲ್ಲ. ಎಲ್ಲಿಯೂ ಚುಚ್ಚಲಿಲ್ಲ. ನಮ್ಮವರ ಧೋತರದ ಅಸ್ತರು ಅವರಿಗಿಂತ ಮೆತ್ತಗಿತ್ತು. ಮೈಮೇಲೆ ಏನೂ ಇಲ್ಲದಷ್ಟು ಹಗುರು, ಆದರೆ ಎಲ್ಲವೂ ಇದ್ದಲ್ಲೇ ಇತ್ತು. ನನಗೆ ಕಣ್ಣಲ್ಲಿ ನೀರು ಬಂತು. ಹೆಂಗಸಿಗೆ ಇಷ್ಟು ಆರಾಮವಾಗಿ ಉಸಿರಾಡಲಿಕ್ಕೆ ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುದಿನ ಮುಂಜಾನೆ ಅದನ್ನು ದೇವರ ಮನೆಗೆ ಒಯ್ದೆ. ಹೊಸ ಅರಿವೆಯ ಮೂಲೆಗೆ ಕುಂಕುಮ ಹಚ್ಚುವುದು ರೂಢಿ. ಈ ವಸ್ತುವಿಗೆ ಮೂಲೆಯೇ ಇಲ್ಲ! ವಿಚಾರ ಮಾಡಿ, ಎರಡೂ ಬಟ್ಟಲುಗಳ ನಡುನೆತ್ತಿಗೆ ಒಂದೊಂದು ಬೊಟ್ಟು ಇಟ್ಟೆ. ಕಸಿಗಳನ್ನು ಅಂದವಾಗಿ ಕೆಳಗೆ ಮಡಚಿದೆ. ಮಾವನವರು ಪೂಜೆಗೆ ಬರುವುದರೊಳಗೆ ತೆಗೆದರಾಯಿತೆಂದು ಹಾಲು ಉಕ್ಕುವುದನ್ನು ನೋಡಲು ಒಳಗೆ ಓಡಿದೆ. ಹಾಲು ಉಕ್ಕಲಿಲ್ಲ. ಆದರೆ ಮಾವನವರು ಅಂದು ಎಂದಿಗಿಂತ ಲಗೂ ಬಂದರು.

ನಾನು ತಿರುಗಿ ಬರುವುದರಲ್ಲಿ ಅವರು ಅದರ ಮೇಲೆ ಅಕ್ಷತೆ ಹಾಕಿ, ಒಂದೊಂದು ಬಟ್ಟಲಿಗೆ ಒಂದೊಂದು ದಾಸವಾಳ ಇಟ್ಟು ಗಂಟೆ ಬಾರಿಸುತ್ತಿದ್ದರು. ಹೂ ಕೊಡಲು ಬಂದ ಪಕ್ಕದ ಮನೆಯ ಗೋದಕ್ಕ ಬಾಗಿಲಲ್ಲಿ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಖಣದ ಬಟ್ಟೆ, ಗುಂಡಗಿನ ಆಕಾರ, ಕಟ್ಟಲು ಕಸಿ, ನೆತ್ತಿಯ ಮೇಲೆ ಕುಂಕುಮ. ನಮ್ಮ ಕಡೆ ಕೂಸಿನ ತಲೆಗೆ ಹಾಕುವ ಕುಲಾಯಿ ಹೀಗೇ ಇರುತ್ತದೆ. ಇಲ್ಲಿ ಎರಡು ಇದ್ದವು.

"ಅಯ್ಯ, ಕುಲಾಯಿ," ಎಂದಳು ಗೋದಕ್ಕ. "ಅದೂ ಜೋಡಿ ಹೊಲಿಸ್ಯಾಳಲ್ರಿ ನಿಮ್ಮ ಸೊಸಿ. ಅವಳಿ ಅಂತ ಯಾರು ಹೇಳಿದ್ರು? ಸೂಲಗಿತ್ತಿ ನೋಡಿ ಹೋಗ್ಯಾಳೇನು?"

ನನ್ನ ಮದುವೆಯಾಗಿ ಹಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಅತ್ತೆ ಬಾಯಿಬಿಟ್ಟು ಏನೂ ಅಂದವರಲ್ಲ, ಆದರೆ ಅವರು ಏನೂ ಅನ್ನದಿರುವುದು ಮನೆಯ ತುಂಬ ಕೇಳುತ್ತಿತ್ತು. ಅವರು ದೇವರ ಮನೆಗೆ ಬಂದು ಆ ಎರಡು ಗುಂಡಗಿನ ಖಣವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಹುಟ್ಟೂದಕ್ಕ ಮೊದಲ ಕೂಸಿನ ಅರಿವಿ ಹೊಲಿಸಬಾರದವ್ವಾ," ಎಂದರು ಮೆಲ್ಲಗೆ. "ಆದ್ರ ಇರಲಿ. ಬಾಯಿಲೆ ಹೇಳಲಿಕ್ಕೆ ನಾಚಿಕಿ ಬಂದು ದೇವರ ಮುಂದ ಇಟ್ಟಿ. ಅವನ ನೋಡಿಕೋತಾನ."

ನಾನು ಬಾಯಿ ತೆರೆದೆ. ನನ್ನ ಎದುರು ಮಾವನವರು ಗಂಟೆ ಹಿಡಿದು ನಿಂತಿದ್ದರು. ಅವರ ಜೊತೆ ನಾನು ಎದುರು ನಿಂತು ಒಂದು ಮಾತು ಆಡಿದವಳಲ್ಲ. ಅಂಥವರ ಮುಂದೆ, ಮಾವನವರೇ, ನೀವು ಹೂ ಏರಿಸಿದ್ದು ಇಂಥ ವಸ್ತುವಿಗೆ ಎಂದು ಹ್ಯಾಗೆ ಹೇಳಲಿ? ತೆರೆದ ಬಾಯಿಗೆ ಅತ್ತೆ ಒಂದು ತುಂಡು ಬೆಲ್ಲ ಹಾಕಿದರು. ಗೋದಕ್ಕ ಹೂವಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಣಿಗೆ ಇಳಿದಳು.

ಅತ್ತೆ ಅದನ್ನು ಮಡಚಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೂಸು ಹುಟ್ಟುವವರೆಗೆ ಯಾರ ಕಣ್ಣಿಗೂ ಬೀಳಬಾರದಂತೆ. ಇಡೀ ಹುಬ್ಬಳ್ಳಿ ಧಾರವಾಡದಲ್ಲಿ ನನ್ನ ಮೈಗೆ ಕೂಡುತ್ತಿದ್ದ ಒಂದೇ ಒಂದು ಬಾಡಿ ಹೀಗೆ ಸೆರೆಮನೆ ಸೇರಿತು.

ಸಂಜೆ ನಮ್ಮವರು ಕಚೇರಿಯಿಂದ ಬಂದವರು ಟೊಪ್ಪಿಗೆ ತೆಗೆಯದೆ ನನ್ನ ಮುಂದೆ ನಿಂತರು. "ಲೈನ್ ಬಜಾರದಾಗ ಮೂರು ಮಂದಿ ನಂಗ ಪೇಢೆ ಕೇಳಿದ್ರು. ಎಲ್ಲಾರಿಗೂ ಗೊತ್ತಿದ್ದದ್ದು ನನಗ ಯಾಕ ಗೊತ್ತಿಲ್ಲ?"

ನಾನು ನಡೆದದ್ದನ್ನು ಹೇಳಿದೆ. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಅವ್ವಗ ಹೇಳಿಬಿಡು."

"ನೀವ ಹೇಳ್ರಿ. ನಿಮ್ಮ ಅವ್ವ."

"ನಾ ಹ್ಯಾಂಗ ಹೇಳಲಿ? ನಾಳೆ ನೀನ ಹೇಳು."

ನಾಳೆ ಹೇಳಬೇಕೆಂದೇ ಇದ್ದೆ. ಆದರೆ ನಾಳೆ ಬೆಳಗಾಗುವುದರಲ್ಲಿ ಅತ್ತೆ ನನ್ನ ಹಾಸಿಗೆಗೇ ಕೇಸರಿ ಹಾಕಿದ ಹಾಲು ತಂದರು. ಬಾವಿಯ ನೀರನ್ನು ತಾವೇ ಸೇದಿದರು. ರೊಟ್ಟಿಯ ಮೇಲೆ ಬೆಣ್ಣೆಯ ಗುಡ್ಡ ಇಟ್ಟರು. ಮಾವನವರು ಪೇಢೆಯ ಪುಡಿಕೆ ತಂದು ನನ್ನ ಕಡೆ ನೋಡದೆ ಹೊಸ್ತಿಲ ಮೇಲಿಟ್ಟು ಹೋದರು. ನಾನು ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ನನ್ನನ್ನು "ಉಂಡಿಯೇನು?" ಎಂದು ಎರಡನೆಯ ಸಲ ಕೇಳಿರಲಿಲ್ಲ. ಈಗ ಕೇಳಿದ್ದೇ ಕೇಳಿದ್ದು. ಸತ್ಯವನ್ನು ಹಾಲು ಕುಡಿದ ಮೇಲೆ ಹೇಳಿದರೂ ಅದು ಸತ್ಯವೇ ಎಂದು ಮನಸ್ಸಿಗೆ ಸಮಾಧಾನ ಹೇಳಿ ಲೋಟ ಎತ್ತಿದೆ. ಮರುದಿನವೂ ಎತ್ತಿದೆ. ಹಾಗೇ ದಿನಗಳು ಹೋದವು. ಹಾಲು ಬೆಣ್ಣೆ ಮೈಗೆ ಹತ್ತುತ್ತವೆಂಬುದು ನನಗೆ ಅಲ್ಲಿಯವರೆಗೆ ಗೊತ್ತಾಗಲು ಕಾರಣವಿರಲಿಲ್ಲ.

ಸುದ್ದಿ ಸಾಲೆಗೂ ಹೋಯಿತು. ಹೆಡ್‌ಬಾಯಿಯವರು ನನ್ನನ್ನು ಕರೆಸಿ ಕುರ್ಚಿ ತೋರಿಸಿದರು. ಅವರು ಕುರ್ಚಿ ತೋರಿಸಿದರೆ ಏನೋ ಕಸಿದುಕೊಳ್ಳುತ್ತಾರೆಂದು ಸಾಲೆಗೆಲ್ಲ ಗೊತ್ತು.

"ಇಂಥಾ ಹೊತ್ತಿನ್ಯಾಗ ಜಿಗದಾಡಬಾರದು, ವಿಮಲಾಬಾಯಿ. ಗ್ಯಾದರಿಂಗಿನ ಲೇಜಿಮ್ ಕಮಲಾಬಾಯಿಯವರು ನೋಡಿಕೋತಾರ."

ಕಮಲಾಬಾಯಿ ಇತಿಹಾಸ ಕಲಿಸುವವರು. ಅವರಿಗೆ ಪಾಣಿಪತದ ದಾರಿ ಗೊತ್ತು, ಆದರೆ ಎಡ ಯಾವುದು ಬಲ ಯಾವುದು ಎಂದು ತಿಳಿಯಲು ಬಳೆ ನೋಡಿಕೊಳ್ಳಬೇಕು. ಲೇಜಿಮ್ ಅವರ ಕೈಗೆ ಹೋದರೆ ಕಾಯಂ ಕೂಡ ಅವರ ಕೈಗೆ ಹೋಗುತ್ತದೆ. ಹಾಗೇನೂ ಇಲ್ಲರಿ ಎಂದು ಹೇಳಬೇಕೆಂದರೆ, ಮತ್ತೆ ಆ ಕುಲಾಯಿ ಯಾರದು ಎಂದು ಕೇಳುತ್ತಾರೆ. ಪಕ್ಕದ ಟೇಬಲ್ಲಿನಲ್ಲಿ ಕ್ಲಾರ್ಕ್ ಮಾಸ್ತರರು ಕಿವಿ ನೆಟ್ಟಗೆ ಮಾಡಿಕೊಂಡು ಬರೆಯುತ್ತಿದ್ದರು. ನಾನು ಎದ್ದು ಬಂದೆ.

ಅಂದೇ ಅತ್ತೆಗೆ ಹೇಳಿಬಿಟ್ಟೆ. ಹೇಳದೆ ದಾರಿಯಿರಲಿಲ್ಲ. ಮೈದಾನಕ್ಕೆ ಇಳಿದು ತೋರಿಸದ ಹೊರತು ಹೆಡ್‌ಬಾಯಿಯವರು ನಂಬುವವರಲ್ಲ, ಬಾಡಿಯಿಲ್ಲದೆ ನಾನು ಮೈದಾನಕ್ಕೆ ಇಳಿಯುವವಳಲ್ಲ, ಬಾಡಿಯಿದ್ದದ್ದು ಅತ್ತೆಯ ಟ್ರಂಕಿನಲ್ಲಿ. ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಾನು ಗೋಡೆಯ ಕಡೆ ಮುಖ ಮಾಡಿ ಪಾಯಸದ ಬಟ್ಟಲಿನಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವರು ಎದ್ದು ಕೈ ಒರೆಸಿಕೊಂಡು, ಟ್ರಂಕು ತೆಗೆದು ಅದನ್ನು ತಂದರು. ತಿರುಗಿಸಿ ಮುರುಗಿಸಿ ನೋಡಿದರು.

"ಅಂದ್ರ ಇದು ತಲಿಗಲ್ಲ."

"ಅಲ್ಲರಿ ಅತ್ತಿ."

ಅವರು ಅದರ ಕಸಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ, "ನಾ ಹೆಸರ ಸುದ್ದಾ ಇಟ್ಟಿದ್ದೆ. ಎರಡೂ ಹೆಣ್ಣಾದ್ರ ಒಂದು, ಎರಡೂ ಗಂಡಾದ್ರ ಒಂದು ಅಂತ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನಾನು ಇಷ್ಟು ದಿನ ಕುಡಿದ ಹಾಲೆಲ್ಲ ಗಂಟಲಿಗೆ ಬಂದಂತಾಗಿ ಅಳು ಬಂತು. ಅವರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಒಲೆಯ ಹೊಗೆ ಎಂದರು. ಒಲೆಯಲ್ಲಿ ಬರೀ ಕೆಂಡ ಇತ್ತು.

ಮರುದಿನ ಮುಂಜಾನೆ ಯುದ್ಧಕ್ಕೆ ಹೊರಟವಳಂತೆ ಬಾಡಿ ತೊಟ್ಟೆ. ಆಗ ಗೊತ್ತಾಯಿತು, ಕೇಸರಿ ಹಾಲು ಎಲ್ಲಿಗೆ ಹೋಗಿತ್ತೆಂದು. ಬಟ್ಟಲುಗಳು ನನಗೆ ಸಾಲಲಿಲ್ಲ. ಬೆನ್ನಿನ ಕಸಿಗಳು ದೂರದ ನೆಂಟರ ಹಾಗೆ ಒಂದರ ಮುಖ ಒಂದು ನೋಡಲಿಲ್ಲ. ನಮ್ಮವರನ್ನು ಕರೆದು, ಉಸಿರು ಹಿಡಿದು ನಿಂತು ಎಳೆಸಿದೆ. ಅವರು ಹಾಸಿಗೆಯ ಸುರುಳಿ ಕಟ್ಟುವ ಗಂಟು ಹಾಕಿದರು.

ಹೆಡ್‌ಬಾಯಿಯವರ ಮುಂದೆ ನಿಂತು, ಕ್ಲಾರ್ಕ್ ಮಾಸ್ತರರು ಇದ್ದದ್ದನ್ನೂ ಲೆಕ್ಕಿಸದೆ, "ನಾನು ಬಸುರಿ ಅಲ್ಲರಿ," ಎಂದೆ. ಉಸಿರು ಪೂರ್ತಿ ಬರುತ್ತಿರಲಿಲ್ಲವಾದ್ದರಿಂದ ಮಾತು ಏದುತ್ತ ಬಂತು. ಅವರು ಕನ್ನಡಕದ ಮೇಲಿಂದ ನನ್ನ ದುಂಡಗಾದ ಮುಖ ನೋಡಿದರು, ಏದುಸಿರು ನೋಡಿದರು, ಕಟ್ಟಿನ ಬಿಗಿಗೆ ಹಣೆಯ ಮೇಲೆ ಮೂಡಿದ್ದ ಬೆವರು ನೋಡಿದರು.

"ಮೊದಲ ಮೊದಲ ಯಾರ ಮುಂದೂ ಹೇಳಬಾರದು ಅಂತ ಹಿರ್ಯಾರು ಹೇಳ್ತಾರ. ನೀವು ಇಲ್ಲ ಅನ್ನೂದು ಬರೋಬ್ಬರಿ ಅದ," ಎಂದರು ಮಮತೆಯಿಂದ.

"ಖರೇನ ಇಲ್ಲರಿ. ಬೇಕಾದ್ರ ಈಗ ಲೇಜಿಮ್ ಮಾಡಿ ತೋರಸ್ತೇನಿ."

ಅವರು ಬೇಡ ಬೇಡ ಎನ್ನುವುದರಲ್ಲಿ ಮೈದಾನಕ್ಕೆ ಇಳಿದೆ. ಕಮಲಾಬಾಯಿಯ ಕೈಯಿಂದ ಲೇಜಿಮ್ ಕಸಿದುಕೊಂಡು ಸೀಟಿ ಊದಿದೆ. ಊದಲಿಕ್ಕೆ ಉಸಿರು ಬೇಕು. ಉಸಿರಿಗೆ ಜಾಗ ಬೇಕು. ಬೆನ್ನಿನಲ್ಲಿ ಚಟ್ಟನೆ ಒಂದು ಕಸಿ ಹರಿಯಿತು. ನಾನು ಕೈ ಎತ್ತಿದೆ, ಇನ್ನೊಂದೂ ಹರಿಯಿತು. ಬಾಡಿ ಕುಪ್ಪಸದ ಕೆಳಗಿನಿಂದ ಹೊರಬಿದ್ದು, ಸೆರಗಿನ ಒಳಗೇ ಜಾರಿ ಹೊಟ್ಟೆಯ ಮುಂದೆ ಬಂದು ನೆರಿಗೆಗೆ ಸಿಕ್ಕು ದುಂಡಗೆ ನಿಂತಿತು. ಮುಂದೇನು ಮಾಡಬೇಕೆಂದು ತಿಳಿಯದೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ.

ಮುಂದಿನದನ್ನು ಹೇಳಬೇಕಾಗಿಲ್ಲ. ಹುಡುಗಿಯರು ನೀರು ತಂದರು. ಕಮಲಾಬಾಯಿ ಗಾಳಿ ಹಾಕಿದರು. ಹೆಡ್‌ಬಾಯಿಯವರು ಟಾಂಗಾ ತರಿಸಿ, "ಕುದರೀನ ಮೆತ್ತಗ ನಡಸಪಾ, ಎರಡು ಜೀವ ಅದಾವ," ಎಂದರು. ಕಮಲಾಬಾಯಿ ಅವರ ಕಿವಿಯಲ್ಲಿ ಏನೋ ಹೇಳಿದರು. ಹೆಡ್‌ಬಾಯಿಯವರು, "ಹೌದಲ್ಲ, ಮೂರು ಜೀವ," ಎಂದು ತಿದ್ದಿದರು.

ಸಂಜೆ ಅವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಹಣ್ಣಿನ ಚೀಲವಿತ್ತು. ಇಂದಿನಿಂದಲೇ ನನಗೆ ಬಾಣಂತನದ ರಜೆ ಮಂಜೂರಾಗಿದೆಯೆಂದೂ, ಹಂಗಾಮಿಯವರಿಗೆ ರಜೆಯಲ್ಲಿ ಪಗಾರ ಕೊಡುವ ಪದ್ಧತಿ ಇಲ್ಲವೆಂದೂ, ಲೇಜಿಮ್ ಕಮಲಾಬಾಯಿಯವರಿಗೇ ಕಾಯಂ ಮಾಡಬೇಕೆಂದು ನಿರ್ಧಾರವಾಗಿದೆಯೆಂದೂ ತಿಳಿಸಿದರು. "ಮಕ್ಕಳು ನಡೀಲಿಕ್ಕೆ ಕಲತ ಮ್ಯಾಲ ಬಂದು ಕಾಣ್ರಿ. ಆವಾಗ ಜಾಗಾ ಇದ್ರ ನೋಡೂಣು," ಎಂದರು.

ನಾನು ಅತ್ತೆಯ ಕಡೆ ನೋಡಿದೆ. ಅವರಿಗೆ ಈಗ ಸತ್ಯ ಗೊತ್ತಿತ್ತು. ಹೇಳಿದರೆ ಹೆಡ್‌ಬಾಯಿಯವರು ನಂಬಲೂಬಹುದಿತ್ತು. ಆದರೆ ಬಾಗಿಲಲ್ಲಿ ಗೋದಕ್ಕ ನಿಂತಿದ್ದಳು, ಅವಳ ಹಿಂದೆ ಅರ್ಧ ಓಣಿ ನಿಂತಿತ್ತು. ಅತ್ತೆ ಅವರೆಲ್ಲರನ್ನೂ ಒಮ್ಮೆ ನೋಡಿ, ಹಣ್ಣಿನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, "ಆಗಲಿರಿ ಬಾಯಾರ. ನಿಮ್ಮ ಆಶೀರ್ವಾದ ಇರಲಿ," ಎಂದರು.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ಅವರು ನಮ್ಮಿಬ್ಬರ ಮುಂದೆ ನಿಂತರು. "ಊರಿಗೆಲ್ಲಾ ಗೊತ್ತಾಗೇದ. ಇನ್ನ ಅದನ್ನ ಖರೇ ಮಾಡೂದೊಂದ ಉಳದದ," ಎಂದರು. ನಮ್ಮವರು ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡರು. ಪತ್ರಿಕೆ ತಲೆಕೆಳಗಾಗಿತ್ತು.

ಮರುದಿನ ನಾನು ಸಾಲೆಯ ಹೊತ್ತಿಗೆ ಎದ್ದು, ಹೋಗುವುದಕ್ಕೆ ಸಾಲೆಯಿಲ್ಲವೆಂದು ನೆನಪಾಗಿ, ಅಡುಗೆಮನೆಯ ಕಂಬಕ್ಕೆ ಒರಗಿ ಕುಳಿತಿದ್ದೆ. ಅತ್ತೆ ಸೂಜಿ ದಾರ ಹಿಡಿದು ಏನೋ ಹೊಲಿಯುತ್ತಿದ್ದರು. ಮುಗಿಸಿ ನನ್ನ ತೊಡೆಯ ಮೇಲೆ ಹಾಕಿದರು. ಅದೇ ಬಾಡಿ. ಹರಿದ ಕಸಿ ತೆಗೆದು ಉದ್ದನೆಯವನ್ನು ಹಚ್ಚಿದ್ದರು, ಮಗ್ಗುಲಲ್ಲಿ ಖಣದ ಪಟ್ಟಿ ಕೂಡಿಸಿ ಅಗಲ ಮಾಡಿದ್ದರು.

"ಹಾಕ್ಕೊಂಡ ತೋರಸು. ನಾನೂ ನೋಡತೇನಿ, ಅದೇನ ಲೇಜಿಮ್ಮು ಅಂತ," ಎಂದರು.

ಹಾಕಿಕೊಂಡೆ. ಎಲ್ಲಿಯೂ ಬಿಗಿಯಿಲ್ಲ, ಎಲ್ಲಿಯೂ ಸಡಿಲಿಲ್ಲ. ಲೇಜಿಮ್ ಇರಲಿಲ್ಲವಾದ್ದರಿಂದ ಒಲೆಯ ಇಕ್ಕಳ ಹಿಡಿದು, ಗ್ಯಾದರಿಂಗಿಗೆಂದು ಕೂಡಿಸಿದ್ದ ಹೆಜ್ಜೆಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಮಾಡಿದೆ. ಕೈ ಎತ್ತಿದೆ, ಬಗ್ಗಿದೆ, ಜಿಗಿದೆ, ಸುತ್ತು ತಿರುಗಿದೆ. ಒಂದು ಹೆಜ್ಜೆ ತಪ್ಪಲಿಲ್ಲ, ಒಂದು ಕಸಿ ಅಲುಗಲಿಲ್ಲ. ಅಷ್ಟು ಚೆನ್ನಾಗಿ ನಾನು ಹಿಂದೆ ಎಂದೂ ಮಾಡಿರಲಿಲ್ಲ. ಏದುತ್ತ ಅತ್ತೆಯ ಮುಂದೆ ನಿಂತೆ. ಅವರು ಇನ್ಸ್‌ಪೆಕ್ಟರ್ ಬಾಯಿಯವರ ಗಾಂಭೀರ್ಯದಿಂದ ತಲೆದೂಗಿದರು.

"ಛಲೋ ಮಾಡ್ತಿ. ಕೈಯಾಗ ಕಸುವೂ ಭಾಳ ಅದ," ಎಂದರು. "ಇನ್ನ ಆ ಕೊಡಾ ತಗೊಂಡ ಬಾವಿಗೆ ನಡಿ."